ಗೋಲ, ಗೆರೆ, ಚುಕ್ಕಿ: ಅಣುವಿನ ಚಿತ್ರ ಬೆಳೆದು ಬಂದ ಬಗೆ

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಕಾರ್ಬನ್ ಸಂಯುಕ್ತಗಳ ಪಾಠ ತೆರೆದು ಮೀಥೇನ್ ಅಣುವಿನ ಚಿತ್ರ ನೋಡಿ. ನಡುವೆ ಒಂದು ವೃತ್ತ, ಅದರೊಳಗೆ 'ಸಿ' ಅಕ್ಷರ. ನಾಲ್ಕು ಕಡೆಯಿಂದ ನಾಲ್ಕು ವೃತ್ತಗಳು ಅದರ ಅಂಚನ್ನು ಹತ್ತಿ ಕೂತಿವೆ, ಒಂದೊಂದರಲ್ಲೂ 'ಎಚ್'. ವೃತ್ತಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಒಂದು ಚುಕ್ಕಿ, ಒಂದು ಗುಣಿಸುವ ಗುರುತು. ಮಕ್ಕಳು ಇದನ್ನು ಅರೆಗಳಿಗೆಯಲ್ಲಿ ಬಿಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆದರೆ ಆ ಒಂದು ಚಿತ್ರದಲ್ಲಿ ಮೂರು ಕಾಲದ ಪದರಗಳಿವೆ. ವೃತ್ತ 1808ರದು, ಅಕ್ಷರ 1813ರ ಆಸುಪಾಸಿನದು, ಚುಕ್ಕಿ 1916ರದು. ಆ ಮೂರನ್ನು ತಂದವರು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದರು. ನಾವು ಉತ್ತರಗಳನ್ನೆಲ್ಲ ಒಂದೇ ಚಿತ್ರದಲ್ಲಿ ಪೇರಿಸಿ ಕೊಟ್ಟಿದ್ದೇವೆ, ಪ್ರಶ್ನೆಗಳನ್ನು ಮಾತ್ರ ಹೇಳಿಲ್ಲ.

ವೃತ್ತದಿಂದಲೇ ಶುರು ಮಾಡೋಣ. ಮ್ಯಾಂಚೆಸ್ಟರಿನ ಜಾನ್ ಡಾಲ್ಟನ್ ಪಾಠ ಹೇಳಿ ಜೀವನ ಸಾಗಿಸಿದ ಮೇಷ್ಟ್ರು. 1808ರಲ್ಲಿ ಬಂದ ತನ್ನ ಗ್ರಂಥದಲ್ಲಿ ಆತ ಪ್ರತಿ ಧಾತುವಿನ ಪರಮಾಣುವಿಗೂ ಒಂದೊಂದು ವೃತ್ತ ಕೊಟ್ಟ. ಬರಿಯ ವೃತ್ತ ಆಕ್ಸಿಜನ್, ನಡುವೆ ಚುಕ್ಕಿಯಿದ್ದರೆ ಹೈಡ್ರೋಜನ್, ಉದ್ದ ಗೆರೆ ಎಳೆದರೆ ನೈಟ್ರೋಜನ್, ಪೂರ್ತಿ ಕಪ್ಪು ಬಳಿದರೆ ಕಾರ್ಬನ್. ಸಂಯುಕ್ತ ಎಂದರೆ ಈ ವೃತ್ತಗಳು ಒಂದಕ್ಕೊಂದು ತಾಗಿ ನಿಂತ ಗುಂಪು. ಅವನ ನೀರಿನ ಚಿತ್ರದಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಅಷ್ಟೇ. ಎರಡು ಧಾತುಗಳ ನಡುವೆ ಒಂದೇ ಸಂಯುಕ್ತ ಗೊತ್ತಿದ್ದರೆ ಅದು ಒಂದಕ್ಕೊಂದರಂತೆ ಕೂಡಿದ್ದೇ ಇರಬೇಕು ಎಂದು ಆತ ನಂಬಿದ್ದ. ಲೆಕ್ಕ ತಪ್ಪಿತ್ತು. ಆದರೆ ಪರಮಾಣುವನ್ನು ಬಿಡಿಬಿಡಿಯಾಗಿ ಎಣಿಸಬಹುದು, ಕಾಗದದ ಮೇಲೆ ಪಕ್ಕಪಕ್ಕದಲ್ಲಿ ಇಡಬಹುದು ಎಂಬ ಧೈರ್ಯ ಬಂದದ್ದು ಆ ವೃತ್ತಗಳಿಂದಲೇ.

ಸ್ವೀಡನ್ನಿನ ಬರ್ಜೀಲಿಯಸ್‌ಗೆ ಈ ವೃತ್ತಗಳು ಹಿಡಿಸಲಿಲ್ಲ. ಅವನದು ಬರೆಯುವವರ, ಅಚ್ಚು ಹಾಕುವವರ ತೊಂದರೆ. ವೃತ್ತಗಳಿಗೆ ಹೊಸ ಅಚ್ಚುಮೊಳೆ ಮಾಡಿಸಬೇಕು; ಅಕ್ಷರಗಳಾದರೆ ಪ್ರತಿ ಮುದ್ರಣಾಲಯದಲ್ಲೂ ಇವೆ. ಹಾಗಾಗಿ ಧಾತುವಿನ ಲ್ಯಾಟಿನ್ ಹೆಸರಿನ ಮೊದಲ ಒಂದೆರಡು ಅಕ್ಷರಗಳನ್ನೇ ಚಿಹ್ನೆ ಮಾಡಿದ. ಡಾಲ್ಟನ್ ಕೊನೆಯವರೆಗೂ ಇದನ್ನು ಒಪ್ಪಲಿಲ್ಲ. ಗೆದ್ದದ್ದು ಅಕ್ಷರ. ಸೋತದ್ದು ಏನು ಎಂದೂ ನೋಡಬೇಕು: ಅಕ್ಷರ ಮತ್ತು ಅಂಕಿಗಳ ಸೂತ್ರ 'ಯಾವುದು ಎಷ್ಟಿದೆ' ಎಂದು ಹೇಳುತ್ತದೆ, 'ಯಾವುದರ ಪಕ್ಕ ಯಾವುದಿದೆ' ಎಂದು ಹೇಳುವುದಿಲ್ಲ. ಒಂದೇ ಸೂತ್ರವಿದ್ದೂ ಬೇರೆ ಬೇರೆ ಗುಣ ತೋರುವ ವಸ್ತುಗಳು ಒಂದಾದ ಮೇಲೊಂದು ಸಿಕ್ಕಾಗ ಸೂತ್ರ ಕೈಕೊಟ್ಟಿತು. ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಎಂದರೆ ಮದ್ಯದ ಎಥನಾಲೂ ಆಗಬಹುದು, ಡೈಮೀಥೈಲ್ ಈಥರ್ ಎಂಬ ಅನಿಲವೂ ಆಗಬಹುದು.

ಆಗ ಬಂದದ್ದು ಗೆರೆ. 1858ರಲ್ಲಿ ಕಾರ್ಬನ್‌ಗೆ ನಾಲ್ಕು ಕೈ, ಕಾರ್ಬನ್ ಕಾರ್ಬನ್‌ನೊಂದಿಗೇ ಕೈಹಿಡಿದು ಸರಪಳಿ ಕಟ್ಟಬಲ್ಲದು ಎಂದು ಇಬ್ಬರು ಬೇರೆ ಬೇರೆಯಾಗಿ ಹೇಳಿದರು. ಒಬ್ಬ ಜರ್ಮನಿಯ ಕೆಕುಲೆ. ಇನ್ನೊಬ್ಬ ಪ್ಯಾರಿಸ್ಸಿನಲ್ಲಿ ವುರ್ಟ್ಜ್‌ನ ಪ್ರಯೋಗಾಲಯದಲ್ಲಿದ್ದ ಸ್ಕಾಟ್ಲೆಂಡಿನ ಯುವಕ ಆರ್ಚಿಬಾಲ್ಡ್ ಕೂಪರ್. ಪರಮಾಣುಗಳ ನಡುವೆ ಗೆರೆ ಎಳೆದವನು ಕೂಪರ್. ಅವನ ಲೇಖನ ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಹೋಗುವುದು ತಡವಾಯಿತು, ಅಷ್ಟರಲ್ಲಿ ಕೆಕುಲೆಯ ಲೇಖನ ಅಚ್ಚಾಯಿತು. ಕೂಪರ್ ಕುಸಿದು ಕಾಯಿಲೆಬಿದ್ದ, ಮತ್ತೆಂದೂ ರಸಾಯನಶಾಸ್ತ್ರಕ್ಕೆ ಮರಳಲಿಲ್ಲ. ಇವತ್ತು ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲೂ ಆತನ ಗೆರೆಯಿದೆ, ಹೆಸರು ಯಾರಿಗೂ ಗೊತ್ತಿಲ್ಲ.

ಎಡಿನ್‌ಬರದ ಕ್ರಮ್ ಬ್ರೌನ್ 1864ರಲ್ಲಿ ಅಕ್ಷರಕ್ಕೆ ವೃತ್ತ ಸುತ್ತಿ, ವೃತ್ತದಿಂದ ವೃತ್ತಕ್ಕೆ ಗೆರೆ ಎಳೆದು ಬರೆದ ಚಿತ್ರಗಳು ಇವತ್ತಿನ ರಚನಾ ಸೂತ್ರಕ್ಕೆ ತೀರ ಹತ್ತಿರ. ಅವನು ಒಂದು ಎಚ್ಚರಿಕೆಯನ್ನೂ ಸೇರಿಸಿದ್ದ: ಇಲ್ಲಿ ತೋರಿಸಿರುವುದು ಯಾವ ಪರಮಾಣು ಯಾವುದಕ್ಕೆ ಕೂಡಿದೆ ಎಂಬುದನ್ನು ಮಾತ್ರ, ಅವು ಜಾಗದಲ್ಲಿ ನಿಜವಾಗಿ ಎಲ್ಲೆಲ್ಲಿವೆ ಎಂಬುದನ್ನಲ್ಲ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಾಮಾಣಿಕ ಮಾತು ಇದು. ಪಠ್ಯಪುಸ್ತಕಗಳು ಚಿತ್ರವನ್ನು ತೆಗೆದುಕೊಂಡವು, ಎಚ್ಚರಿಕೆಯನ್ನು ಬಿಟ್ಟವು.

ಮರುವರ್ಷ, 1865ರ ಏಪ್ರಿಲ್‌ನಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಆಗಸ್ಟ್ ಹಾಫ್‌ಮನ್ ಒಂದು ಉಪನ್ಯಾಸ ಕೊಟ್ಟ. ಆಗ ಇಂಗ್ಲೆಂಡಿನಲ್ಲಿ ಕ್ರೋಕೆ ಎಂಬ ಹುಲ್ಲುಹಾಸಿನ ಆಟದ ಹುಚ್ಚು. ಹಾಫ್‌ಮನ್ ಆ ಆಟದ ಮರದ ಚೆಂಡುಗಳಿಗೆ ತೂತು ಕೊರೆಸಿ, ಕೊಳವೆಗಳನ್ನು ಸಿಕ್ಕಿಸಿ ಅಣುಗಳನ್ನು ಕಟ್ಟಿ ತೋರಿಸಿದ. ಕಾರ್ಬನ್‌ಗೆ ಕಪ್ಪು, ಹೈಡ್ರೋಜನ್‌ಗೆ ಬಿಳಿ, ಆಕ್ಸಿಜನ್‌ಗೆ ಕೆಂಪು, ನೈಟ್ರೋಜನ್‌ಗೆ ನೀಲಿ, ಕ್ಲೋರಿನ್‌ಗೆ ಹಸಿರು. ಇವತ್ತು ಕಾಲೇಜಿನ ಪ್ಲಾಸ್ಟಿಕ್ ಕಿಟ್ಟಿನಲ್ಲಿ, ಕಂಪ್ಯೂಟರ್ ಪರದೆಯ ಮೇಲೆ ಇರುವುದು ಇದೇ ಬಣ್ಣ. ಪರಮಾಣುವಿಗೆ ಬಣ್ಣವಿಲ್ಲ, ನೂರಾ ಅರವತ್ತು ವರ್ಷಗಳ ಹಿಂದಿನ ಒಂದು ಸಂಜೆಯ ಉಪನ್ಯಾಸದ ರೂಢಿ ಅಷ್ಟೇ. ಹಾಫ್‌ಮನ್ನನ ಮೀಥೇನ್ ಮೇಜಿನ ಮೇಲೆ ಮಲಗಿಸಿದ ಶಿಲುಬೆಯಂತೆ ಚಪ್ಪಟೆಯಾಗಿತ್ತು. ನಾಲ್ಕು ಕೈಗಳೂ ಒಂದೇ ಸಮತಲದಲ್ಲಿ, ಹೈಡ್ರೋಜನ್ ಚೆಂಡೂ ಕಾರ್ಬನ್ ಚೆಂಡೂ ಒಂದೇ ಗಾತ್ರ.

ಚಪ್ಪಟೆ ಅಣುವನ್ನು ಎದ್ದು ನಿಲ್ಲಿಸಿದವನು ಡಚ್ ಯುವಕ ವಾಂಟ್ ಹಾಫ್. 1874ರಲ್ಲಿ, 22ನೆಯ ವಯಸ್ಸಿನಲ್ಲಿ, ಆತ ಅಚ್ಚು ಹಾಕಿಸಿದ ಸಣ್ಣ ಪುಸ್ತಿಕೆಯಲ್ಲಿ ಕಾರ್ಬನ್ನಿನ ನಾಲ್ಕು ಬಂಧಗಳು ನಾಲ್ಕು ತ್ರಿಕೋನಗಳ ಘನಾಕೃತಿಯ ನಾಲ್ಕು ಮೂಲೆಗಳತ್ತ ಚಾಚಿವೆ ಎಂದಿತ್ತು. ಅದೇ ವರ್ಷ ಫ್ರಾನ್ಸಿನ ಲ ಬೆಲ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳಿದ. ಕಾರಣ ಸರಳ. ಮೀಥೇನ್ ಚಪ್ಪಟೆಯಾಗಿದ್ದರೆ, ಅದರ ಎರಡು ಹೈಡ್ರೋಜನ್ ತೆಗೆದು ಕ್ಲೋರಿನ್ ಹಾಕಿದಾಗ ಎರಡು ಬಗೆಯ ವಸ್ತು ಸಿಗಬೇಕು: ಕ್ಲೋರಿನ್‌ಗಳು ಪಕ್ಕಪಕ್ಕದಲ್ಲಿರುವುದು ಒಂದು, ಎದುರುಬದುರಾಗಿರುವುದು ಇನ್ನೊಂದು. ಪ್ರಯೋಗಾಲಯದಲ್ಲಿ ಸಿಗುವುದು ಒಂದೇ. ಕಾಗದದ ಮೇಲೆ ನೀವೇ ಬಿಡಿಸಿ ನೋಡಬಹುದು. ಲೈಪ್‌ಜಿಗ್‌ನ ದೊಡ್ಡ ಪ್ರೊಫೆಸರ್ ಕೋಲ್ಬೆ ಇದನ್ನು ಓದಿ ಕೆರಳಿದ. ಪಶುವೈದ್ಯ ಶಾಲೆಯಲ್ಲಿ ಕೆಲಸದಲ್ಲಿರುವ ಈ ಹುಡುಗ ಅಲ್ಲಿಂದಲೇ ರೆಕ್ಕೆಯ ಕುದುರೆಯೊಂದನ್ನು ಎರವಲು ಪಡೆದು ಆಕಾಶಕ್ಕೆ ಹಾರಿದ್ದಾನೆ ಎಂಬ ಅರ್ಥದಲ್ಲಿ ಗೇಲಿ ಮಾಡಿ ಬರೆದ. ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ 1901ರಲ್ಲಿ ಹೋದದ್ದು ವಾಂಟ್ ಹಾಫ್‌ನಿಗೆ, ಅದೂ ಬೇರೆ ಕೆಲಸಕ್ಕೆ.

ನಿಂತ ಅಣುವನ್ನು ಮಲಗಿದ ಕಾಗದದ ಮೇಲೆ ಬರೆಯುವುದು ಹೇಗೆ? ಎಮಿಲ್ ಫಿಶರ್ 1891ರಲ್ಲಿ ಸಕ್ಕರೆಗಳಿಗಾಗಿ ಒಂದು ಒಪ್ಪಂದ ಮಾಡಿಕೊಂಡ: ಅಡ್ಡಗೆರೆ ನಮ್ಮತ್ತ ಚಾಚಿದ್ದು, ಉದ್ದಗೆರೆ ಹಿಂದಕ್ಕೆ ಹೋದದ್ದು. ಆಮೇಲೆ ಬೆಣೆ ಬಂತು. ಕಾಗದದಿಂದ ಹೊರಬರುವ ಬಂಧಕ್ಕೆ ತುಂಬಿದ ಬೆಣೆ, ಒಳಹೋಗುವ ಬಂಧಕ್ಕೆ ಗೀರುಗೀರಾದ ಬೆಣೆ, ಕಾಗದದ ಮೇಲೇ ಇರುವುದಕ್ಕೆ ಸಾದಾ ಗೆರೆ. ಮೀಥೇನ್ ಬರೆಯಬೇಕಾದರೆ ಎರಡು ಸಾದಾ ಗೆರೆ, ಒಂದು ತುಂಬಿದ ಬೆಣೆ, ಒಂದು ಗೀರಿನ ಬೆಣೆ. ಇಷ್ಟನ್ನು ಪ್ರೌಢಶಾಲೆಯಲ್ಲೇ ಹೇಳಿಕೊಡಲು ಏನು ಅಡ್ಡಿಯೋ ನನಗೆ ತಿಳಿಯದು.

ಈ ಹೊತ್ತಿಗೆ ಗೆರೆ ಎಂದರೆ ಏನು ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಉತ್ತರ ಕೊಟ್ಟವನು ಅಮೆರಿಕದ ಗಿಲ್ಬರ್ಟ್ ಲೂಯಿಸ್. 1902ರಲ್ಲೇ ವಿದ್ಯಾರ್ಥಿಗಳಿಗೆ ಪಾಠ ಮಾಡುವಾಗ ಆತ ಪರಮಾಣುವನ್ನು ಒಂದು ಘನಚೌಕವಾಗಿ ಬರೆದು, ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂರಿಸಿದ್ದ. ಎರಡು ಚೌಕಗಳು ಒಂದು ಅಂಚು ಹಂಚಿಕೊಂಡರೆ ಒಂಟಿ ಬಂಧ, ಒಂದು ಮುಖ ಹಂಚಿಕೊಂಡರೆ ಜೋಡಿ ಬಂಧ. ತ್ರಿಬಂಧಕ್ಕೆ ಮಾತ್ರ ಚೌಕದಲ್ಲಿ ದಾರಿಯೇ ಇಲ್ಲ. 1916ರ ಪ್ರಸಿದ್ಧ ಲೇಖನದಲ್ಲಿ ಆತ ಎಲೆಕ್ಟ್ರಾನುಗಳನ್ನು ಜೋಡಿಜೋಡಿಯಾಗಿ ಅಕ್ಷರದ ಸುತ್ತ ಚುಕ್ಕಿಯಿಟ್ಟು ತೋರಿಸಿದ. ಒಂದು ಗೆರೆ ಎಂದರೆ ಹಂಚಿಕೊಂಡ ಎರಡು ಎಲೆಕ್ಟ್ರಾನು.

ಚುಕ್ಕಿ ರಚನೆ ಬರೆಯುವುದು ಲೆಕ್ಕದ ಕೆಲಸ. ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳಿ. ಕಾರ್ಬನ್ನಿನ ಹೊರಕವಚದಲ್ಲಿ 4, ಒಂದೊಂದು ಆಕ್ಸಿಜನ್ನಿನಲ್ಲಿ 6, ಒಟ್ಟು 16. ಕಾರ್ಬನ್ನನ್ನು ನಡುವೆ ಇಟ್ಟು ಎರಡೂ ಕಡೆ ಒಂದೊಂದು ಜೋಡಿ ಹಾಕಿ, 4 ಖರ್ಚಾಯಿತು. ಉಳಿದ 12ನ್ನು ಆಕ್ಸಿಜನ್‌ಗಳಿಗೆ ಆರಾರು ಹಂಚಿದರೆ ಅವಕ್ಕೆ ಎಂಟು ತುಂಬುತ್ತದೆ, ಕಾರ್ಬನ್‌ಗೆ ನಾಲ್ಕೇ. ಆಗ ಎರಡೂ ಆಕ್ಸಿಜನ್‌ಗಳು ತಮ್ಮ ಒಂದೊಂದು ಜೋಡಿಯನ್ನು ಕಾರ್ಬನ್ನಿನತ್ತ ಸರಿಸಬೇಕು. ಎರಡು ಕಡೆಯೂ ಜೋಡಿ ಬಂಧ, ಎಲ್ಲರಿಗೂ ಎಂಟು, ಒಟ್ಟು 16 ಸರಿಹೋಯಿತು. ಮಕ್ಕಳು ಹೆಚ್ಚಾಗಿ ಎಡವುವುದು ಕೊನೆಯ ಹೆಜ್ಜೆಯಲ್ಲಲ್ಲ, ಮೊದಲ ಹೆಜ್ಜೆಯಲ್ಲಿ: ಒಟ್ಟು ಹಾಕದೆ ಚುಕ್ಕಿಯಿಡಲು ಶುರುಮಾಡುತ್ತಾರೆ. ಚುಕ್ಕಿ ಮತ್ತು ಗುಣಿಸುವ ಗುರುತು ಎಂಬ ಭೇದವೂ ಲೆಕ್ಕದ ಅನುಕೂಲಕ್ಕೆ ಮಾತ್ರ. ಯಾವ ಎಲೆಕ್ಟ್ರಾನು ಯಾರ ಮನೆಯದು ಎಂದು ಪ್ರಕೃತಿ ಗುರುತಿಟ್ಟುಕೊಳ್ಳುವುದಿಲ್ಲ.

ಲೆಕ್ಕ ಸರಿಯಾದ ಮಾತ್ರಕ್ಕೆ ಚಿತ್ರ ನಿಜವಾಗಬೇಕಿಲ್ಲ. ಆಕ್ಸಿಜನ್ ಅಣುವಿನ ಚುಕ್ಕಿ ರಚನೆಯಲ್ಲಿ ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿ ಕೂತಿವೆ. ಹಾಗಿದ್ದರೆ ಅದನ್ನು ಅಯಸ್ಕಾಂತ ಸೆಳೆಯಬಾರದು. ಆದರೆ ದ್ರವ ಆಕ್ಸಿಜನ್ನನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಅಲ್ಲೇ ಅಂಟಿ ನಿಲ್ಲುತ್ತದೆ. ಅದರಲ್ಲಿ ಎರಡು ಒಂಟಿ ಎಲೆಕ್ಟ್ರಾನುಗಳಿವೆ.

ಪರಮಾಣುವಿನ ಒಳಗಿನ ಚಿತ್ರದ ಕತೆ ಬೇರೆ. ರುದರ್‌ಫೋರ್ಡ್ 1911ರಲ್ಲಿ ನ್ಯೂಕ್ಲಿಯಸ್ ತೋರಿಸಿಕೊಟ್ಟ, ನೀಲ್ಸ್ ಬೋರ್ 1913ರಲ್ಲಿ ಎಲೆಕ್ಟ್ರಾನುಗಳಿಗೆ ಕಕ್ಷೆ ಕೊಟ್ಟ. 1926ರಲ್ಲಿ ಶ್ರೋಡಿಂಗರನ ಸಮೀಕರಣ ಬಂದ ಮೇಲೆ ಕಕ್ಷೆ ಹೋಯಿತು. ಉಳಿದದ್ದು ಎಲೆಕ್ಟ್ರಾನು ಇಲ್ಲಿ ಸಿಗುವ ಸಾಧ್ಯತೆ ಇಷ್ಟು ಎಂದು ತೋರಿಸುವ ಮೋಡ. ಬೋರ್ ಚಿತ್ರಕ್ಕೆ ಬರಿಯ 13 ವರ್ಷ ಆಯುಸ್ಸು. ಆದರೂ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲಾಂಛನದಿಂದ ಹಿಡಿದು ಒಂಬತ್ತನೆಯ ತರಗತಿಯ ಪುಸ್ತಕದವರೆಗೆ ಅದೇ ರಾಜ್ಯವಾಳುತ್ತಿದೆ. ಎರಡು, ಎಂಟು, ಎಂಟು ಎಂದು ಎಣಿಸಲು ಅದಕ್ಕಿಂತ ಸುಲಭದ ಚಿತ್ರವಿಲ್ಲ, ನಿಜ. ಅಳತೆಯಲ್ಲಿ ಮಾತ್ರ ಅದು ಪೂರಾ ಸುಳ್ಳು. ಹೈಡ್ರೋಜನ್ನಿನ ನ್ಯೂಕ್ಲಿಯಸ್ಸನ್ನು ಒಂದು ಮಿಲಿಮೀಟರ್ ಚುಕ್ಕಿಯಾಗಿ ಬರೆದರೆ ಪರಮಾಣುವಿನ ಹೊರ ಅಂಚು ಸುಮಾರು 60 ಮೀಟರ್ ಅಗಲಕ್ಕೆ ಬರಬೇಕು. ಶಾಲೆಯ ಆಟದ ಮೈದಾನವೇ ಬೇಕಾದೀತು.

ಚಿತ್ರ ತಪ್ಪಿದರೆ ದೊಡ್ಡವರೂ ದಾರಿ ತಪ್ಪುತ್ತಾರೆ. ಲಾರೆನ್ಸ್ ಬ್ರಾಗ್ 1913ರಲ್ಲಿ ಎಕ್ಸ್-ಕಿರಣಗಳಿಂದ ಉಪ್ಪಿನ ಹರಳಿನ ಒಳರಚನೆ ಬಿಡಿಸಿದಾಗ ಅದರಲ್ಲಿ ಸೋಡಿಯಂ-ಕ್ಲೋರಿನ್ ಜೋಡಿಯ ಅಣು ಎಂಬುದೇ ಇರಲಿಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಒಂದೊಂದು ಕ್ಲೋರಿನ್ ಸುತ್ತ ಆರು ಸೋಡಿಯಂ. ಇದನ್ನು ಅರಗಿಸಿಕೊಳ್ಳಲಾಗದ ಹಿರಿಯ ರಸಾಯನಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ 'ನೇಚರ್' ಪತ್ರಿಕೆಗೆ ಸಿಟ್ಟಿನ ಪತ್ರ ಬರೆದಿದ್ದ. 1953ರ ಆರಂಭದಲ್ಲಿ ಕೇಂಬ್ರಿಜ್ಜಿನಲ್ಲಿ ಡಿಎನ್ಎ ಮಾದರಿ ಕಟ್ಟುತ್ತಿದ್ದ ವಾಟ್ಸನ್ ಪಠ್ಯಪುಸ್ತಕಗಳಲ್ಲಿದ್ದ ಗ್ವಾನಿನ್ ಮತ್ತು ಥೈಮಿನ್ ಚಿತ್ರಗಳನ್ನೇ ನಂಬಿದ್ದ. ಅವುಗಳಲ್ಲಿ ಹೈಡ್ರೋಜನ್‌ಗಳು ಇರಬೇಕಾದ ಜಾಗದಲ್ಲಿಲ್ಲ ಎಂದು ಹೇಳಿದವನು ಅದೇ ಕೋಣೆಯಲ್ಲಿದ್ದ ಜೆರ್ರಿ ಡೊನೊಹ್ಯೂ. ಹೈಡ್ರೋಜನ್ ಸ್ಥಾನ ಬದಲಾದ ಮೇಲೆಯೇ ಡಿಎನ್ಎಯ ಈ ಘಟಕಗಳು ಮಾದರಿಯಲ್ಲಿ ತಂತಮ್ಮ ಜೋಡಿಯೊಂದಿಗೆ ಹೊಂದಿಕೊಂಡವು.

ಬೆಂಜೀನ್ ಉಂಗುರದ ಚಿತ್ರವೂ ಹಂತಹಂತವಾಗಿ ತಿದ್ದಿಕೊಂಡು ಬಂದದ್ದೇ. ಕೆಕುಲೆ 1865ರಲ್ಲಿ ಆರು ಕಾರ್ಬನ್ನುಗಳ ಉಂಗುರ ಕೊಟ್ಟ. ಒಂಟಿ-ಜೋಡಿ ಬಂಧಗಳ ಬದಲು ನಡುವೆ ಒಂದು ವೃತ್ತ ಬರೆಯುವ ಪದ್ಧತಿ 1925ರದು. ಕ್ಯಾಥಲೀನ್ ಲಾನ್ಸ್‌ಡೇಲ್ 1929ರಲ್ಲಿ ಬೆಂಜೀನಿನ ಹತ್ತಿರದ ಸಂಯುಕ್ತವೊಂದರ ಹರಳನ್ನು ಪರೀಕ್ಷಿಸಿ ಉಂಗುರ ಚಪ್ಪಟೆಯಾಗಿದೆ ಎಂದು ತೋರಿಸಿದಳು.

ಅಣುಗಳು ದೊಡ್ಡದಾದಂತೆ ಚಿತ್ರ ನಕ್ಷೆಯಾಗತೊಡಗಿತು. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದ್ರಾಸಿನಿಂದ ಪ್ರಕಟಿಸಿದ ನಕ್ಷೆಯಲ್ಲಿ ಪರಮಾಣುವೂ ಇಲ್ಲ, ಗೆರೆಯೂ ಇಲ್ಲ. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದು, ಯಾವುದರಲ್ಲಿ ಪರಮಾಣುಗಳು ಒಂದಕ್ಕೊಂದು ಗುದ್ದುತ್ತವೆ ಎಂಬುದಷ್ಟೇ ಅದರಲ್ಲಿದೆ. ಇಂದಿಗೂ ಪ್ರೋಟೀನ್ ರಚನೆಯ ತಾಳೆ ನೋಡುವುದು ಅದರಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಬಳಿ ಕಲಿತ ರಾಮಚಂದ್ರನ್ ಮುಂದೆ ಅಲ್ಲಿಗೇ ಮರಳಿ ತಮ್ಮ ವಿಭಾಗ ಕಟ್ಟಿದರು.

1985ರಲ್ಲಿ ಕೆಮ್‌ಡ್ರಾ ಎಂಬ ತಂತ್ರಾಂಶ ಬಂದ ಮೇಲೆ ಸ್ಟೆನ್ಸಿಲ್ ಮತ್ತು ಶಾಯಿ ಮೂಲೆ ಸೇರಿದವು. ಅಣುಚಿತ್ರ ಹೇಗಿರಬೇಕು ಎಂದು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ 2008ರಲ್ಲಿ ದೀರ್ಘ ಶಿಫಾರಸನ್ನೇ ಹೊರಡಿಸಿತು. 2009ರಲ್ಲಿ ಜ್ಯೂರಿಕ್ಕಿನ ಐಬಿಎಂ ವಿಜ್ಞಾನಿಗಳು ಅತಿ ಸೂಕ್ಷ್ಮ ಮೊನೆಯಿಂದ ಪೆಂಟಸೀನ್ ಅಣುವನ್ನು ತಡವಿ ತೆಗೆದ ಚಿತ್ರದಲ್ಲಿ ಐದು ಷಡ್ಭುಜಗಳು ಸಾಲಾಗಿ ಕಂಡವು. ಕಣ್ಣಿಗೆ ಕಾಣದ್ದನ್ನು ಬರಿಯ ತರ್ಕದಿಂದ ಬರೆದವರ ಊಹೆ ಅಷ್ಟರಮಟ್ಟಿಗೆ ಸರಿಯಿತ್ತು.

ಪಾಠ ಮಾಡುವವರಲ್ಲಿ ಒಂದು ಕೋರಿಕೆ. ಕಪ್ಪುಹಲಗೆಯ ಮೇಲೆ ಅಣು ಬರೆಯುವ ಮೊದಲು ಒಂದು ಉಂಡೆ ಜೇಡಿಮಣ್ಣಿಗೆ ನಾಲ್ಕು ಊದುಬತ್ತಿ ಕಡ್ಡಿ ಚುಚ್ಚಿಸಿ, ಯಾವ ಎರಡು ಕಡ್ಡಿಗಳ ನಡುವೆಯೂ ಕೋನ ಒಂದೇ ಇರಬೇಕು ಎಂದು ಹೇಳಿ. ಮಕ್ಕಳು ಮೊದಲು ಶಿಲುಬೆ ಮಾಡುತ್ತಾರೆ; ಅದರಲ್ಲಿ ಪಕ್ಕದ ಕಡ್ಡಿಗಳ ನಡುವೆ 90, ಎದುರಿನವುಗಳ ನಡುವೆ 180 ಡಿಗ್ರಿ. ಸರಿಯಾದದ್ದು ಸಿಕ್ಕಾಗ ಕೋನ 109.5 ಡಿಗ್ರಿ ಇರುತ್ತದೆ, ಮತ್ತು ಅದನ್ನು ಹೇಗೆ ಹಾಕಿದರೂ ಮೂರು ಕಾಲಿನ ಮೇಲೆ ನಿಂತು ಒಂದನ್ನು ಮೇಲಕ್ಕೆತ್ತುತ್ತದೆ. ಆಮೇಲೆ ಬಿಡಿಸಲು ಹೇಳಿ.