ಬಿಸಿ ಚಾಕೊಲೇಟ್ ಮತ್ತು ಪ್ರಣಯ

ಕೋಕೊ ಬೀಜವನ್ನು ಹುದುಗಿಸಿ, ಹುರಿದು, ಅರೆದು ಪಡೆದ ಚಾಕೊಲೇಟನ್ನು ಹಾಲಿನಲ್ಲೋ ನೀರಿನಲ್ಲೋ ಕರಗಿಸಿ, ನೊರೆಯೆಬ್ಬಿಸಿ ಕುಡಿಯುವ ಪಾನೀಯವೇ ಬಿಸಿ ಚಾಕೊಲೇಟ್. ಮದುವೆ, ನಿಶ್ಚಿತಾರ್ಥ, ಫೆಬ್ರವರಿ 14ರ ವ್ಯಾಲೆಂಟೈನ್ ದಿನದಂಥ ಸಂದರ್ಭಗಳಲ್ಲಿ ಪ್ರೀತಿಪಾತ್ರರಿಗೆ ಇದನ್ನು ಮಾಡಿಕೊಡುವ ರೂಢಿ ಈಗ ಅನೇಕ ದೇಶಗಳಲ್ಲಿದೆ. ಈ ನಂಟಿಗೆ ಜನ ಸಾಮಾನ್ಯವಾಗಿ ಕೊಡುವ ಕಾರಣ, ಕೋಕೊ ಬೀಜದಲ್ಲಿ ಕಾಮೋತ್ತೇಜಕ ಶಕ್ತಿಯಿದೆ ಎಂಬುದು. ಪತ್ರಿಕೆಗಳ ಫೆಬ್ರವರಿ ಪುಟಗಳಲ್ಲಿ ಇದು ಸಿದ್ಧಾಂತದಂತೆ ನೆಲೆಯೂರಿದೆ. ಆದರೆ ಪಾನೀಯದ ಇತಿಹಾಸವನ್ನೂ ರಸಾಯನವನ್ನೂ ಕೂಡಿಸಿ ನೋಡಿದರೆ ಉತ್ತರ ಬಟ್ಟಲಿನ ಮೇಲ್ಭಾಗದಲ್ಲಿ, ಅಂದರೆ ನೊರೆಯಲ್ಲಿ ಸಿಗುತ್ತದೆ. ನೊರೆ ತಾನಾಗಿ ಏಳುವುದಿಲ್ಲ. ಯಾರೋ ಒಬ್ಬರು ಇನ್ನೊಬ್ಬರಿಗಾಗಿ ಕೈಸೋಲುವಂತೆ ಕಡೆಯಬೇಕು. ಚಾಕೊಲೇಟ್ ಒಲವಿನ ಪಾನೀಯವಾದದ್ದು ಈ ಕೈಕೆಲಸದಿಂದ.

ಮಧ್ಯ ಅಮೆರಿಕದ ಮಾಯಾ, ಮಿಶ್ಟೆಕ್, ಆಸ್ಟೆಕ್ ಜನರ ಚಿತ್ರಗಳೂ ಬರಹಗಳೂ ಇದಕ್ಕೆ ಮೊದಲ ಸಾಕ್ಷಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿರುವ, ಕ್ರಿ.ಶ. 670ರಿಂದ 750ರ ನಡುವಿನದೆಂದು ಗುರುತಿಸಲಾದ ಮಾಯಾ ಪಾತ್ರೆಯೊಂದರ ಮೇಲೆ ಒಬ್ಬ ಹೆಣ್ಣುಮಗಳು ನಿಂತು, ಎತ್ತರದಿಂದ ಒಂದು ಪಾತ್ರೆಯ ಪಾನೀಯವನ್ನು ಇನ್ನೊಂದಕ್ಕೆ ಸುರಿಯುತ್ತಿದ್ದಾಳೆ. ಚಾಕೊಲೇಟಿಗೆ ನೊರೆ ಬರಿಸುವ ಕ್ರಮವಿದು. ಲೋಟ ಬಟ್ಟಲುಗಳ ನಡುವೆ ಕಾಫಿಯನ್ನು ಎತ್ತಿ ಹೊಯ್ಯುವುದನ್ನು ಕಂಡ ಕನ್ನಡಿಗರಿಗೆ ಆ ಭಂಗಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಶ್ಟೆಕ್ ಜನರ ಚಿತ್ರಗ್ರಂಥವೊಂದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಜೂಶ್-ನಟಲ್ ಎಂದು ಅದರ ಹೆಸರು. ಅದರಲ್ಲಿ ಎಂಟು-ಜಿಂಕೆ ಎಂಬ ದೊರೆಯ ವಿವಾಹದ ದೃಶ್ಯವಿದೆ: ವಧು ಹದಿಮೂರು-ಸರ್ಪ ಅವನೆದುರು ನೊರೆಯುಕ್ಕಿದ ಪಾತ್ರೆಯನ್ನು ಹಿಡಿದಿದ್ದಾಳೆ. ಚಿತ್ರಕಾರ ಬೀಜವನ್ನೋ ಹಣ್ಣನ್ನೋ ಬರೆಯದೆ ಪಾತ್ರೆಯ ಅಂಚನ್ನು ಮೀರಿ ನಿಂತ ನೊರೆಯನ್ನೇ ಬರೆದದ್ದು ಗಮನಾರ್ಹ. 16ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಬೆರ್ನಾರ್ದಿನೊ ದೆ ಸಾಹಗುನ್ ಆಸ್ಟೆಕ್ ಜನರ ಬಾಯಿಂದಲೇ ಕೇಳಿ ಬರೆಸಿದ ಗ್ರಂಥದಲ್ಲಿ ಚಾಕೊಲೇಟ್ ಮಾರುವವಳ ವರ್ಣನೆ ಬರುತ್ತದೆ. ಒಳ್ಳೆಯವಳು ನುಣ್ಣಗೆ ಅರೆದು, ಸೋಸಿ, ಎತ್ತಿ ಹೊಯ್ದು, ನೊರೆ ನಿಲ್ಲಿಸುತ್ತಾಳೆ. ಕೆಟ್ಟವಳು ನೀರು ಬೆರೆಸುತ್ತಾಳೆ. ಗುಣದ ಅಳತೆಗೋಲು ದುಡಿಮೆ ಎಂಬುದು ಇಲ್ಲಿ ನಿಚ್ಚಳವಾಗಿದೆ.

ಇದಕ್ಕೆ ಎದುರಾಗಿ ನಿಲ್ಲುವ ಪ್ರಸಿದ್ಧ ಸಾಕ್ಷಿ ಸ್ಪೇನಿನ ಸೈನಿಕ ಬೆರ್ನಾಲ್ ದಿಯಾಸ್. 1519ರಲ್ಲಿ ಮೆಕ್ಸಿಕೊ ಹೊಕ್ಕ ಪಡೆಯಲ್ಲಿದ್ದ ಅವನು, ದೊರೆ ಮೊಕ್ತೆಸುಮನಿಗೆ ಚಿನ್ನದ ಬಟ್ಟಲುಗಳಲ್ಲಿ ಕೋಕೊ ಪಾನೀಯ ಕೊಡುತ್ತಿದ್ದರೆಂದೂ ಅದು ಹೆಂಗಸರ ಸಂಗಕ್ಕೆ ಬಲ ಕೊಡುತ್ತದೆಂಬ ಮಾತಿತ್ತೆಂದೂ ಬರೆದಿದ್ದಾನೆ. ಕಾಮೋತ್ತೇಜಕದ ಕಥೆಗೆ ಬಹುಪಾಲು ಇದೇ ಬುನಾದಿ. ಅದು ಗಟ್ಟಿಯಾದ ಬುನಾದಿಯಲ್ಲ. ದಿಯಾಸ್ ಇದನ್ನು ಬರೆದದ್ದು ದಶಕಗಳ ನಂತರ, ಮುದಿಪ್ರಾಯದಲ್ಲಿ. ಪುಸ್ತಕ ಅಚ್ಚಾದದ್ದು 1632ರಲ್ಲಿ. ಮಿಗಿಲಾಗಿ, ಅವನೇ ಅದನ್ನು ಕೇಳಿದ ಮಾತೆಂದು ಹೇಳುತ್ತಾನೆ, ಕಂಡದ್ದೆಂದಲ್ಲ. ಅವನು ಕಣ್ಣಾರೆ ಕಂಡದ್ದೆಂದು ಹೇಳುವುದು ದೊಡ್ಡ ದೊಡ್ಡ ಹೂಜಿಗಳ ತುಂಬ ನೊರೆನೊರೆಯಾದ ಕೋಕೊವನ್ನು! ಮುಂದೆ ವಸಾಹತು ಕಾಲದ ಗ್ವಾಟೆಮಾಲದಲ್ಲಿ ಚಾಕೊಲೇಟಿನಲ್ಲಿ ಮದ್ದು ಬೆರೆಸಿ ಗಂಡಸರನ್ನು ವಶ ಮಾಡಿಕೊಂಡರೆಂದು ಹೆಂಗಸರ ಮೇಲೆ ಧಾರ್ಮಿಕ ನ್ಯಾಯಾಲಯದಲ್ಲಿ ದೂರುಗಳು ದಾಖಲಾದವು. ಮೇಲ್ನೋಟಕ್ಕೆ ಇದು ಪಾನೀಯದ ಮಾಂತ್ರಿಕ ಶಕ್ತಿಗೆ ಪುರಾವೆಯಂತೆ ಕಾಣುತ್ತದೆ. ಆದರೆ ಆ ದೂರುಗಳಲ್ಲಿ ಭಯ ಬೀಜದ ಬಗ್ಗೆ ಇರಲಿಲ್ಲ. ಬೆರೆಸುವ ಕೈಯ ಬಗ್ಗೆ ಇತ್ತು. ಕಪ್ಪಗೆ, ದಪ್ಪಗೆ, ಕಹಿಯಾಗಿರುವ ಪಾನೀಯದಲ್ಲಿ ಏನು ಬೆರೆಸಿದರೂ ಮುಚ್ಚಿಹೋಗುತ್ತದೆ. ಹಾಗಾಗಿ ಅದನ್ನು ಕುಡಿಯುವುದೆಂದರೆ ಮಾಡಿಕೊಟ್ಟವಳನ್ನು ನಂಬುವುದು ಎಂದೇ ಆಗಿತ್ತು.

ರಸಾಯನಶಾಸ್ತ್ರವೂ ಉತ್ತೇಜಕವಾದದ ನೆರವಿಗೆ ಬರುವುದಿಲ್ಲ. ಪ್ರೇಮದ ರಾಸಾಯನಿಕವೆಂದು ಹೆಸರಾದ ಫೀನೈಲ್‌ಈಥೈಲಮೀನ್ ಚಾಕೊಲೇಟಿನಲ್ಲಿ ಇರುವುದು ನಿಜ. ಆದರೆ ಹೊಟ್ಟೆಗೆ ಹೋದ ಈ ವಸ್ತುವನ್ನು ದೇಹದ ಕಿಣ್ವಗಳು ಬೇಗನೆ ಒಡೆದುಹಾಕುತ್ತವೆ. ಕೆಲವು ಬಗೆಯ ಚೀಸ್‌ಗಳಲ್ಲಿ ಇದು ಚಾಕೊಲೇಟಿಗಿಂತ ಹೆಚ್ಚೇ ಇದ್ದರೂ ಅವನ್ನು ಯಾರೂ ಪ್ರೇಮದ ಕಾಣಿಕೆ ಮಾಡಿಲ್ಲ. ಥಿಯೋಬ್ರೊಮಿನ್ ಮತ್ತು ಅಲ್ಪ ಕೆಫೀನ್ ತುಸು ಲವಲವಿಕೆ ಕೊಡುತ್ತವೆ, ಕಾಫಿ ಕೊಡುವಂತೆಯೇ. 2006ರಲ್ಲಿ ಪ್ರಕಟವಾದ ಉತ್ತರ ಇಟಲಿಯ ಅಧ್ಯಯನವೊಂದು 163 ಮಹಿಳೆಯರನ್ನು ಕೇಳಿದಾಗ, ದಿನವೂ ಚಾಕೊಲೇಟ್ ತಿನ್ನುವವರಲ್ಲಿ ಬಯಕೆ ಹೆಚ್ಚೆಂದು ಮೊದಲು ತೋರಿತು. ತಿನ್ನುವವರು ವಯಸ್ಸಿನಲ್ಲಿ ಕಿರಿಯರಾಗಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿದ ಕೂಡಲೇ ಆ ವ್ಯತ್ಯಾಸ ಮಾಯವಾಯಿತು. ಬಿಸಿಯೇ ಕಾರಣವಿರಬಹುದೇ? ಬೆಚ್ಚಗಿನ ಬಟ್ಟಲನ್ನು ಹಿಡಿದವರಿಗೆ ಎದುರಿನವರು ಆತ್ಮೀಯರಾಗಿ ಕಾಣುತ್ತಾರೆಂದು 2008ರಲ್ಲಿ ಅಮೆರಿಕದ ಪ್ರಯೋಗವೊಂದು ಹೇಳಿತ್ತು. ಅದನ್ನು ದೊಡ್ಡ ಪ್ರಮಾಣದಲ್ಲಿ ಮರುಪರೀಕ್ಷಿಸಿದಾಗ ಫಲಿತಾಂಶ ನಿಲ್ಲಲಿಲ್ಲ. ಅಲ್ಲದೆ ಆಸ್ಟೆಕ್ ಜನ ಚಾಕೊಲೇಟನ್ನು ಬಹುಮಟ್ಟಿಗೆ ತಣ್ಣಗೇ ಕುಡಿಯುತ್ತಿದ್ದರು. ಬಿಸಿ ಬಂದು ಹೋಗಿದೆ, ಸಕ್ಕರೆ ಆಮೇಲೆ ಸೇರಿದೆ, ಹಾಲು ಇನ್ನೂ ಆಮೇಲೆ. ನೊರೆ ಮಾತ್ರ ಮೊದಲಿನಿಂದಲೂ ಇದೆ.

ಸ್ಪೇನಿನವರ ಆಳ್ವಿಕೆಯಲ್ಲಿ ಎತ್ತಿ ಹೊಯ್ಯುವುದರ ಜಾಗಕ್ಕೆ ಮೊಲಿನಿಯೊ ಎಂಬ ಮರದ ಕಡೆಗೋಲು ಬಂತು. ಬುಡದಲ್ಲಿ ಹಲ್ಲುಗಳಿರುವ ಈ ಕೋಲನ್ನು ಎರಡು ಅಂಗೈಗಳ ನಡುವೆ ಹೊಸೆದು ತಿರುಗಿಸುತ್ತಾರೆ. ನಮ್ಮ ಮನೆಗಳ ಸಣ್ಣ ಕಡಗೋಲಿನ ಹತ್ತಿರದ ನೆಂಟನೆನ್ನಬೇಕು. ಯುರೋಪಿನ ಶ್ರೀಮಂತರ ಬೆಳ್ಳಿಯ ಚಾಕೊಲೇಟ್ ಹೂಜಿಗಳ ಮುಚ್ಚಳದಲ್ಲಿ ಈ ಕೋಲಿಗೆಂದೇ ಒಂದು ತೂತು ಇರುತ್ತಿತ್ತು. 1828ರಲ್ಲಿ ನೆದರ್ಲೆಂಡ್ಸಿನ ಫಾನ್ ಹೌಟೆನ್ ಮನೆತನ ಕೋಕೊ ಬೆಣ್ಣೆಯನ್ನು ಹಿಂಡಿ ತೆಗೆಯುವ ಒತ್ತುಯಂತ್ರಕ್ಕೆ ಹಕ್ಕು ಪಡೆಯಿತು. ಬೀಜದ ತೂಕದಲ್ಲಿ ಅರ್ಧದಷ್ಟಿರುವ ಕೊಬ್ಬು ಪುಡಿಯಲ್ಲಿ ಸುಮಾರು ಕಾಲುಭಾಗಕ್ಕಿಳಿಯಿತು, ಪಾನೀಯ ಅಗ್ಗವಾಯಿತು, ಚಮಚದಲ್ಲಿ ಕಲಕಿದರೂ ಸಾಕೆನ್ನುವಂತಾಯಿತು. ಕಡೆಗೋಲಿನ ಕೆಲಸ ತಗ್ಗಿದ ಅದೇ ಶತಮಾನದಲ್ಲಿ ಪ್ರೇಮದ ಗುರುತು ಬಟ್ಟಲಿನಿಂದ ಪೆಟ್ಟಿಗೆಗೆ ಸರಿಯಿತು. ಇಂಗ್ಲೆಂಡಿನ ರಿಚರ್ಡ್ ಕ್ಯಾಡ್ಬರಿ 1860ರ ದಶಕದಲ್ಲಿ ಚಿತ್ತಾರದ ಪೆಟ್ಟಿಗೆಗಳಲ್ಲಿ ಚಾಕೊಲೇಟ್ ಮಾರತೊಡಗಿದ. ಹಾಗಿದ್ದರೆ ಇಡೀ ನಂಟೇ ವ್ಯಾಪಾರಿಗಳ ಸೃಷ್ಟಿ ಎನ್ನುವವರಿದ್ದಾರೆ. ಪೆಟ್ಟಿಗೆಯ ಮಟ್ಟಿಗೆ ಅವರ ಮಾತು ಸರಿ. ಬಟ್ಟಲಿನ ಮಟ್ಟಿಗೆ, ಕ್ಯಾಡ್ಬರಿಗಿಂತ ಶತಮಾನಗಳ ಹಿಂದೆಯೇ ಹದಿಮೂರು-ಸರ್ಪಳ ಕೈಯಲ್ಲಿ ಅದು ಇತ್ತು. ವ್ಯಾಪಾರವೇ ಬೆಳೆಸಿದ ಜಪಾನಿನ ವ್ಯಾಲೆಂಟೈನ್ ರೂಢಿಯಲ್ಲಿಯೂ ಇದೇ ತಿರುಳು ಮತ್ತೆ ತಲೆಯೆತ್ತಿದೆ: ಸಹೋದ್ಯೋಗಿಗಳಿಗೆ ಹಂಚುವ ‘ಗಿರಿ’ ಚಾಕೊಲೇಟನ್ನು ಅಂಗಡಿಯಿಂದ ತಂದರೆ ಸಾಕು, ಮನಮೆಚ್ಚಿದವನಿಗೆ ಕೊಡುವ ‘ಹೊನ್‌ಮೇ’ ಚಾಕೊಲೇಟನ್ನು ಕೈಯಾರೆ ಮಾಡಿದರೆ ಹೆಚ್ಚು ಬೆಲೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಜಗತ್ತಿನ ಕೋಕೊದ ಅರ್ಧಕ್ಕೂ ಹೆಚ್ಚು ಬರುವುದು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿನ ಕೋಕೊ ತೋಟಗಳಲ್ಲಿ ಸುಮಾರು 15.6 ಲಕ್ಷ ಮಕ್ಕಳು ದುಡಿಯುತ್ತಿದ್ದಾರೆಂದು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯ 2020ರ ವರದಿ ಅಂದಾಜಿಸಿದೆ. ದುಡಿಮೆಯೇ ಈ ಪಾನೀಯದ ಅರ್ಥವೆಂದಾದರೆ ಕೊನೆಯ ಐದು ನಿಮಿಷ ಕಡೆದ ಕೈಯನ್ನು ಮಾತ್ರ ಎಣಿಸಿ, ಕಾಯಿ ಒಡೆದ ಎಳೆಗೈಯನ್ನು ಮರೆಯುವುದು ಹೇಗೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಇದು ವಾದವನ್ನು ಮುರಿಯದೆ ಅದನ್ನು ತೋಟದವರೆಗೆ ಎಳೆದೊಯ್ಯುತ್ತದೆ. ಯಾವ ತೋಟದ ಬೀಜ, ಯಾರು ಬೆಳೆದದ್ದು ಎಂದು ಹೇಳಬಲ್ಲ ಚಾಕೊಲೇಟನ್ನು ಆರಿಸುವುದೂ ಸಿದ್ಧತೆಯ ಒಂದು ಹಂತವೇ. ಕರ್ನಾಟಕದಲ್ಲಿ ಇದು ತೀರ ಕಷ್ಟವೇನಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಕೋಕೊ ಉಪಬೆಳೆಯಾಗಿ ಬೆಳೆಯುತ್ತದೆ. ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಿಂದ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ.

ಮಾಡುವ ಕ್ರಮ ಸರಳ, ಅವಸರ ಮಾತ್ರ ಸಲ್ಲದು. ಇಬ್ಬರಿಗೆ 400 ಮಿ.ಲೀ. ಹಾಲು, ಶೇ. 60ರಿಂದ 70ರಷ್ಟು ಕೋಕೊ ಇರುವ ಕಪ್ಪು ಚಾಕೊಲೇಟ್ 80ರಿಂದ 100 ಗ್ರಾಂ, ಚಿಟಿಕೆ ಉಪ್ಪು, ರುಚಿಗೆ ತಕ್ಕ ಸಕ್ಕರೆ. ಹಾಲಿಗೆ ದಾಲ್ಚಿನ್ನಿಯ ಚೂರು ಹಾಕಿ ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವವರೆಗೆ ಕಾಯಿಸಿ ಇಳಿಸಬೇಕು. ಉಕ್ಕಿಸಿದರೆ ಕೆನೆ ಕಟ್ಟುತ್ತದೆ, ಚಾಕೊಲೇಟ್ ಬೆರೆತ ಮೇಲೆ ಕುದಿಸಿದರೆ ತಳ ಹಿಡಿಯುತ್ತದೆ. ಹೆಚ್ಚಿಟ್ಟ ಚಾಕೊಲೇಟಿನ ಮೇಲೆ ಮೊದಲು ಮೂರನೆಯ ಒಂದು ಪಾಲು ಹಾಲನ್ನು ಮಾತ್ರ ಸುರಿದು, ಒಂದು ನಿಮಿಷ ಬಿಟ್ಟು, ನಡುವಿನಿಂದ ಹೊರಕ್ಕೆ ತಿರುವಿದರೆ ಕೊಬ್ಬೂ ನೀರೂ ಕೂಡಿ ಹೊಳೆಯುವ ಹದ ಬರುತ್ತದೆ. ಇಲ್ಲಿ ಜಿಪುಣತನ ಮಾಡಬಾರದು: ತೀರ ಕಡಿಮೆ ದ್ರವ ತಾಗಿದರೆ ಚಾಕೊಲೇಟ್ ಒರಟು ಮುದ್ದೆಯಾಗುತ್ತದೆ. ಉಳಿದ ಹಾಲು ಸೇರಿಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕಡಗೋಲಿನಿಂದ ಕಡೆಯಬೇಕು. ಮೆಣಸಿನಕಾಯಿ, ವೆನಿಲ್ಲಾ, ಸುವಾಸನೆಯ ಹೂಗಳನ್ನು ಮಧ್ಯ ಅಮೆರಿಕದವರೇ ಬೆರೆಸುತ್ತಿದ್ದರು. ಆದ್ದರಿಂದ ಹಬ್ಬದ ಸೊಗಸಿಗೆ ಚಿಟಿಕೆ ಖಾರದ ಪುಡಿಯನ್ನೋ ಒಣ ಗುಲಾಬಿ ಎಸಳನ್ನೋ ಉದುರಿಸುವುದು ಪರಂಪರೆಗೆ ಹೊರತಲ್ಲ. ಏಲಕ್ಕಿಯೂ ಹೊಂದುತ್ತದೆ, ಕೇಸರಿ ಚಾಕೊಲೇಟಿನ ಕಹಿಯಡಿ ಸಿಕ್ಕಿ ವ್ಯರ್ಥವಾಗುತ್ತದೆ. ಕಡೆದ ಕೆನೆಯನ್ನು ಮೇಲೆ ಹೇರುವ ರೂಢಿ ಕಣ್ಣಿಗೆ ಚೆಂದ, ಆದರೆ ಅದು ಪಾನೀಯದ ಸ್ವಂತ ನೊರೆಯನ್ನು ಅಡಗಿಸುತ್ತದೆ. ಆ ನೊರೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನು. ಕೋಕೊ ಬೆಣ್ಣೆ ಅದನ್ನು ಒಡೆಯುತ್ತಲೇ ಇರುವುದರಿಂದ ಬಹಳ ಹೊತ್ತು ನಿಲ್ಲದು. ಮುಂಚೆಯೇ ಮಾಡಿ ಫ್ಲಾಸ್ಕಿನಲ್ಲಿಟ್ಟರೆ ಬಿಸಿ ಉಳಿಯುತ್ತದೆ, ನೊರೆ ಉಳಿಯುವುದಿಲ್ಲ. ಹಾಗಾಗಿ ಕೊನೆಯ ಕಡೆತವನ್ನು ಕುಡಿಯುವವರು ಬಂದು ಕುಳಿತ ಮೇಲೆ, ಅವರ ಎದುರಿನಲ್ಲಿಯೇ ಮಾಡಿ ಬಟ್ಟಲಿಗೆ ಸುರಿಯುತ್ತಾರೆ.