ಕಳಲೆಯ ನಂಟು, ಅರಮನೆಯ ದಾಕು

ನಂಜನಗೂಡು ತಾಲ್ಲೂಕಿನ ಕಳಲೆ ಇವತ್ತು ಲಕ್ಷ್ಮೀಕಾಂತಸ್ವಾಮಿ ದೇವಾಲಯಕ್ಕೆ ಹೆಸರಾದ ಊರು. ಒಂದು ಕಾಲಕ್ಕೆ ಮೈಸೂರಿನ ಸೇನೆ ನಡೆಸುತ್ತಿದ್ದ ದಳವಾಯಿಗಳು ಇಲ್ಲಿಯವರು. ಹದಿನೆಂಟನೇ ಶತಮಾನದ ನಡುವಿನಲ್ಲಿ ದೇವರಾಜಯ್ಯ, ನಂಜರಾಜಯ್ಯ ಸೋದರರದ್ದೇ ದರ್ಬಾರು. ಇಮ್ಮಡಿ ಕೃಷ್ಣರಾಜ ಒಡೆಯರದು ಹೆಸರಿಗಷ್ಟೇ ಪಟ್ಟ. ನಂಜರಾಜಯ್ಯ ಅವರಿಗೆ ಮಗಳನ್ನೂ ಕೊಟ್ಟಿದ್ದ. ಅರಮನೆಯ ಸುದ್ದಿ ಕಳಲೆಗೆ ಬಂಧುಬಳಗದ ಸುದ್ದಿ.

ಅಂಥದ್ದೊಂದು ಸುದ್ದಿ ಸಿಡುಬಿನದು.

ಮೈಮೇಲೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಹಾಸಿ, ಮಾರಮ್ಮನಿಗೆ ತಂಪು ಮಾಡುತ್ತಿದ್ದ ನಾಡಿದು. ಹಸುವಿನ ಸಿಡುಬಿನ ಕೀವು ತಾಗಿಸಿದರೆ ರೋಗ ಬಾರದೆಂದು ಎಡ್ವರ್ಡ್ ಜೆನ್ನರ್ 1796ರಲ್ಲಿ ತೋರಿಸಿದ. ದಾಕು ಎನ್ನುವ ಆ ಮದ್ದು ಬಾಗ್ದಾದ್, ಬಸ್ರಾ ದಾರಿಯಾಗಿ ಬಂದು, 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿನ ತೋಳಿಗೆ ಹತ್ತಿತು. ತಣ್ಣಗಿಡುವ ಪೆಟ್ಟಿಗೆಗಳಿಲ್ಲದ ಕಾಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನೇ ಮತ್ತೊಬ್ಬರಿಗೆ ಹಾಕಬೇಕಿತ್ತು. ಯಾರ ಮೈಯದೋ ಯಾರಿಗೋ! ಜಾತಿ, ಮಡಿ ಎರಡೂ ಅಡ್ಡ ನಿಂತವು.

ಆಗ ಮೈಸೂರಿನಲ್ಲಿ ಬಾಲಕ ಮುಮ್ಮಡಿ ಕೃಷ್ಣರಾಜರ ಪಟ್ಟ, ಪೂರ್ಣಯ್ಯನ ದಿವಾನಗಿರಿ. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಬಲಗಡೆಯಾಕೆ ತೋಳಿನತ್ತ ಕೈ ಮಾಡಿದ್ದಾಳೆ. ಎಡಗಡೆಯಾಕೆಯ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಈ ಇಬ್ಬರೂ ಮುಮ್ಮಡಿಯವರ ರಾಣಿಯರು, ದಾಕು ಹಾಕಿಸಿಕೊಳ್ಳಲು ಜನರನ್ನು ಒಲಿಸುವುದಕ್ಕೆಂದೇ ಈ ಚಿತ್ರ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದ. ಎಡಗಡೆಯಾಕೆಗೆ ಸಿಡುಬಿನ ಕೀವನ್ನೇ ಕೊಡುವ ಹಳೆಯ ಪದ್ಧತಿ ನಡೆದಿತ್ತೆಂದು ಆತನ ಊಹೆ.

ದಾಕು ಹಾಕಲು ಚರ್ಮದ ಮೇಲೆ ಎಳೆದ ಗೀರಿನ ಒಳಗೆ ನಡೆಯುವುದು ಆಗ ಯಾರಿಗೂ ಗೊತ್ತಿರಲಿಲ್ಲ. ಟಿ ಮತ್ತು ಬಿ ಜೀವಕೋಶಗಳು ವೈರಾಣುವಿನ ಗುರುತು ಹಿಡಿದು, ಕೆಲವು ಆ ನೆನಪನ್ನು ದಶಕಗಳ ಕಾಲ ಉಳಿಸಿಕೊಳ್ಳುತ್ತವೆ. ಗುಳ್ಳೆ ಎದ್ದು, ಬಾತು, ಆಮೇಲೆ ಇಳಿಯುತ್ತದೆ. ಕೆರಳಿದ ಈ ಕೋಶಗಳ ಪಡೆಗೆ ತಡೆಯೂ ಬೇಕು. ಹಾಗೆ ತಡೆಯುವ ಟಿ ಕೋಶಗಳ ಒಂದು ಬಗೆಯನ್ನು ಶಿಮೊನ್ ಸಕಗುಚಿ 1995ರಲ್ಲಿ ಗುರುತಿಸಿದರು. ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ 2001ರಲ್ಲಿ ಫಾಕ್ಸ್‌ಪಿ3 ವಂಶವಾಹಿಯನ್ನು ಕಂಡರು. ಅದು ಕೆಟ್ಟ ಇಲಿಗಳಲ್ಲಿ ರಕ್ಷಣಾಪಡೆ ಸ್ವಂತ ಅಂಗಗಳ ಮೇಲೇ ಎರಗುತ್ತದೆ. ಮೂವರಿಗೂ 2025ರ ನೊಬೆಲ್ ಸಂದಿತು.

ಸಿಡುಬು ಜಗತ್ತಿನಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ತಡೆಯುವ ಕೋಶಗಳ ಮೇಲಿನ ಪ್ರಯೋಗಗಳು ಈಗ ಕಸಿ ಮಾಡಿದ ಅಂಗವನ್ನು ಮೈ ಒಪ್ಪುವಂತೆ ಮಾಡುವತ್ತ ನಡೆದಿವೆ.