ಮಲಪ್ರಭೆಯ ದಂಡೆಗುಂಟ

ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಳಕ್ಕೆ ನೀರು ಬರುವ ದಿನವೆಂದರೆ ಒಂದು ಸಣ್ಣ ಹಬ್ಬವಿದ್ದಂತೆ. ಕೊಡ, ಬಕೀಟು, ಬ್ಯಾರಲ್ಲುಗಳು ಅಂಗಳದಲ್ಲಿ ಸಾಲುಗಟ್ಟುತ್ತವೆ. ಈ ನೀರು ಎಲ್ಲಿಯದೆಂದು ಕೇಳಿದರೆ ಮಕ್ಕಳು ಕೂಡ ‘ಸವದತ್ತಿ ಡ್ಯಾಮಿನದು’ ಎನ್ನುತ್ತವೆ. ಮಾತು ಸರಿಯೇ. ಸವದತ್ತಿ ಹತ್ತಿರದ ರೇಣುಕಾಸಾಗರದಿಂದ ಹೊರಟ ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿ ಶುದ್ಧವಾಗಿ ನಮ್ಮ ಮನೆಗಳನ್ನು ಮುಟ್ಟುತ್ತದೆ. ಆದರೆ ನಾವು ಶಾಲೆಯ ಪ್ರವಾಸದಲ್ಲೋ ನೆಂಟರೊಂದಿಗೋ ನೋಡಿಬರುವ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳೂ ಇದೇ ಹೊಳೆಯ ಮಕ್ಕಳೆಂಬುದು ನಮಗೆ ಹೊಳೆಯುವುದು ಅಪರೂಪ. ಬಸ್ಸು ಇಳಿದು, ಗುಡಿ ನೋಡಿ, ಮತ್ತೆ ಬಸ್ಸು ಹತ್ತುತ್ತೇವೆ. ಮೂರು ಊರುಗಳು ಮೂರು ನಿಲ್ದಾಣಗಳಾಗಿ ಉಳಿಯುತ್ತವೆ. ಅವುಗಳನ್ನು ಹೆಣೆದ ಹೊಳೆ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಅವಳಿ ನಗರ ನಿಂತಿರುವ ಜಾಗವೂ ಸಾಮಾನ್ಯದ್ದಲ್ಲ. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ಹರಿದು, ಬೇಡ್ತಿಯನ್ನು ಕೂಡಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆಭೂಮಿಯ ನೀರೋ ಬೆಣ್ಣಿಹಳ್ಳಕ್ಕಿಳಿದು, ಮಲಪ್ರಭೆಯ ಪಾಲಾಗಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಒಂದೇ ಮಹಾನಗರಪಾಲಿಕೆಯ ಹದ್ದಿನಲ್ಲಿ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ.

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಈ ಸಹ್ಯಾದ್ರಿಯ ಊರಿನಲ್ಲಿ ವರ್ಷದ ಮಳೆ ಮೂರು ಸಾವಿರ ಮಿ.ಮೀ. ದಾಟುತ್ತದೆ. ಮಳೆಗಾಲದಲ್ಲಿ ಇಲ್ಲಿ ಎದುರಿನ ಮನುಷ್ಯ ಕಾಣದಷ್ಟು ಮಂಜು. ಇದೇ ಹೊಳೆ ಬಾದಾಮಿ ಸೀಮೆಗೆ ಬರುವ ಹೊತ್ತಿಗೆ ವರ್ಷದ ಮಳೆ ಆರುನೂರು ಮಿ.ಮೀ.ಗಳ ಆಸುಪಾಸಿಗೆ ಇಳಿದಿರುತ್ತದೆ. ಹಸಿರು ಕಾಡಿನ ಹೊಳೆ ಜಾಲಿ, ಕಳ್ಳಿ, ಕೆಂಪು ಬಂಡೆಗಳ ನಾಡಿಗೆ ನಡೆದು ಬರುತ್ತದೆ. ಮಳೆಯ ನಾಡಿನ ನೀರನ್ನು ಬರದ ನಾಡಿಗೆ ಹೊತ್ತು ತರುವುದೇ ಅದರ ಸ್ವಭಾವ. ಅದರ ಚರಿತ್ರೆಯೂ ಜಗಳವೂ ಹುಟ್ಟಿದ್ದು ಇಲ್ಲಿಂದಲೇ.

ಖಾನಾಪುರ ತಾಲ್ಲೂಕಿನಲ್ಲೇ ಹಲಸಿ ಇದೆ. ಇಂದು ಸಣ್ಣ ಊರು; ಒಂದು ಕಾಲಕ್ಕೆ ‘ಪಲಾಶಿಕಾ’ ಎಂಬ ಹೆಸರಿನ ಕದಂಬರ ಎರಡನೆಯ ರಾಜಧಾನಿ. ಕದಂಬ ಮೃಗೇಶವರ್ಮ ತನ್ನ ತಂದೆಯ ಪುಣ್ಯಾರ್ಥವಾಗಿ ಇಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ಹಲಸಿಯ ತಾಮ್ರಪಟಗಳಿಂದ ತಿಳಿಯುತ್ತದೆ. ಇಲ್ಲಿಯ ಭೂವರಾಹ ನರಸಿಂಹ ಗುಡಿ ಮಾತ್ರ ಮುಂದಿನ ಕಾಲದ್ದು. ಅಲ್ಲಿಂದ ಹೊಳೆ ಎಂ.ಕೆ. ಹುಬ್ಬಳ್ಳಿಗೆ ಬರುತ್ತದೆ. ಧಾರವಾಡದಿಂದ ಬೆಳಗಾವಿಗೆ ಹೋಗುವವರು ಹೆದ್ದಾರಿಯ ಸೇತುವೆ ದಾಟುವಾಗ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ಈ ಹೊಳೆಯಲ್ಲೇ ಇದೆಯೆಂದು ನೆನೆದು ಕೈಮುಗಿಯುವುದುಂಟು.

ಸವದತ್ತಿ ಮುಟ್ಟಿದ ಮಲಪ್ರಭೆಗೆ ಮರಳುಗಲ್ಲಿನ ಗುಡ್ಡಸಾಲು ಅಡ್ಡ ಬರುತ್ತದೆ. ಆ ಗುಡ್ಡವನ್ನು ಸೀಳಿಕೊಂಡು ಹೊಳೆ ಹೊರಬೀಳುವ ಕಿರಿದಾದ ಕಣಿವೆಯೇ ನವಿಲುತೀರ್ಥ. ದಾರಿಕಾಣದ ಹೊಳೆಯನ್ನು ಗುಡ್ಡದ ಮೇಲಿನ ನವಿಲು ಕೂಗಿ ಕರೆಯಿತಂತೆ, ಹೊಳೆ ಆ ದನಿಯತ್ತಲೇ ತಿರುಗಿ ಬಂಡೆ ಸೀಳಿತಂತೆ. ಹೊಳೆ ಕಲ್ಲು ಸೀಳಲು ಲಕ್ಷಾಂತರ ವರ್ಷ ಹಿಡಿದಿರಬೇಕೆಂದು ಭೂವಿಜ್ಞಾನ ಹೇಳುತ್ತದೆ. ನವಿಲಿನ ಕಥೆ ಅದನ್ನು ಒಂದು ಗಳಿಗೆಗೆ ಇಳಿಸಿದೆ, ಅಷ್ಟೇ. ಇಂಜಿನಿಯರುಗಳ ಕಣ್ಣಿಗೂ ಇದೇ ಕಿರಿದಾದ ಬಾಯಿ ಬಿತ್ತು. 1970ರ ದಶಕದ ಆರಂಭಕ್ಕೆ ಇಲ್ಲಿ ಎದ್ದ ಅಣೆಕಟ್ಟಿಗೆ ಮೇಲಿನ ಗುಡ್ಡದ ಎಲ್ಲಮ್ಮ, ಅಂದರೆ ರೇಣುಕೆಯ ಹೆಸರೇ ಬಂತು. ಈ ಜಲಾಶಯದ ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ.

ಇಲ್ಲಿಂದ ಮುಂದಿನ ಕಥೆಯನ್ನು ಕಲ್ಲಿನಿಂದಲೇ ಹೇಳಬೇಕು. ರಾಮದುರ್ಗದಿಂದ ಐಹೊಳೆಯತನಕ ಹೊಳೆಯ ಎಡಬಲಕ್ಕೆ ಕಾಣುವ ಕೆಂಪು ಮರಳುಗಲ್ಲು ಬಲು ಹಳೆಯದು. ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ನೀರಿನಡಿ ಮರಳು ಪದರು ಪದರಾಗಿ ಕೂತು ಗಟ್ಟಿಯಾದದ್ದು. ಈ ಪದರುಗಳು ಹೆಚ್ಚುಕಡಿಮೆ ಅಡ್ಡಡ್ಡಲಾಗಿ ಉಳಿದವು. ಹೀಗಾಗಿ ಬಂಡೆಯ ಬುಡ ಸವೆದರೆ ಮೇಲಿನ ಪದರು ಮಾಡಿನಂತೆ ಚಾಚಿ ನಿಲ್ಲುತ್ತದೆ. ಮಳೆ ಬಿಸಿಲಿಗೆ ಮನುಷ್ಯನಿಗೆ ಸಿಕ್ಕ ಮೊದಲ ಮನೆಯೇ ಅದು. ಬಾದಾಮಿ ಹತ್ತಿರದ ಶಿಡ್ಲಫಡಿಯಲ್ಲಿ ಇಂಥ ಬಂಡೆಯಾಸರೆಯಲ್ಲಿ ಪ್ರಾಗಿತಿಹಾಸ ಕಾಲದವರು ಬಿಡಿಸಿದ ಚಿತ್ರಗಳಿವೆ. ಈ ಕಣಿವೆಯಲ್ಲಿ ಶಿಲಾಯುಗದ ಆಯುಧಗಳನ್ನು ಮೊದಲು ಗುರುತಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಈ ಭಾಗದ ಭೂರಚನೆಯ ಬಗೆಗಿನ ಅವನ ವರದಿ 1876ರಲ್ಲಿ ಪ್ರಕಟವಾಯಿತು. ಆಮೇಲೆ ಆರ್.ವಿ. ಜೋಶಿಯವರು ಖ್ಯಾಡ ಮುಂತಾದೆಡೆ ಹೊಳೆಯ ದಂಡೆಯ ಪದರುಗಳನ್ನು ಓದಿ ಬರೆದ ಗ್ರಂಥ 1955ರಲ್ಲಿ ಪುಣೆ-ಧಾರವಾಡಗಳಿಂದ ಹೊರಬಂದಿತು. ಐಹೊಳೆಯ ಮೇಗುತಿ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಬೃಹತ್‌ಶಿಲಾ ಸಮಾಧಿಗಳಿವೆ; ನಮ್ಮ ಜನ ಇಂಥವನ್ನು ‘ಮೋರೇರ ಮನೆ’ ಎನ್ನುತ್ತಾರೆ. ಅಂಥ ಸಮಾಧಿಗಳ ಅಧ್ಯಯನದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಅ. ಸುಂದರ ಅವರದು ದೊಡ್ಡ ಹೆಸರು. ಚಾಲುಕ್ಯರು ಬರುವ ಮೊದಲೇ ಇಲ್ಲಿಯ ಮನುಷ್ಯನಿಗೆ ಈ ಕಲ್ಲಿನ ಗುಟ್ಟು ತಿಳಿದಿತ್ತು ಎಂಬುದು ಇದರಿಂದ ಸ್ಪಷ್ಟ.

ಮೊದಲನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿಸಿದ್ದನ್ನು ಅಲ್ಲಿಯ ಬಂಡೆಶಾಸನ ಹೇಳುತ್ತದೆ. ಈ ಶಾಸನವನ್ನು ವಿದ್ವಾಂಸರ ಮುಂದಿಟ್ಟವರು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಆರ್.ಎಸ್. ಪಂಚಮುಖಿಯವರು. ರಾಜನ ಆಯ್ಕೆಯಲ್ಲಿ ಲೆಕ್ಕಾಚಾರವಿತ್ತು. ಎರಡು ಕಡಿದಾದ ಬೆಟ್ಟಗಳ ನಡುವಿನ ಕೊರಕಲಿಗೆ ಏರಿ ಹಾಕಿದರೆ ಕೆರೆ; ಅದೇ ಇಂದಿನ ಅಗಸ್ತ್ಯತೀರ್ಥ. ಕೋಟೆಗೆ ಕಲ್ಲು ಕಾಲ ಬುಡದಲ್ಲೇ ಇತ್ತು. ಹೊಳೆ ತುಸು ದೂರದಲ್ಲಿ, ಬೆಳೆ ಬೆಳೆಯುವಷ್ಟು ಹತ್ತಿರ, ಪ್ರವಾಹ ಮುಟ್ಟದಷ್ಟು ದೂರ. 578ರಲ್ಲಿ ಮಂಗಲೇಶ ಪೂರ್ಣಗೊಳಿಸಿದ ಮೂರನೆಯ ಗುಹೆಯ ಮೊಗಸಾಲೆಯಲ್ಲಿ ನಿಂತರೆ ಈ ಲೆಕ್ಕಾಚಾರವೆಲ್ಲ ಒಂದೇ ನೋಟಕ್ಕೆ ದಕ್ಕುತ್ತದೆ. ಆದರೂ 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದು, ತನ್ನ ಶಾಸನವನ್ನು ಅಲ್ಲಿಯ ಬಂಡೆಯ ಮೇಲೆಯೇ ಕೆತ್ತಿಸಿದ. ಅದಕ್ಕೂ ಎಂಟು ವರ್ಷ ಮೊದಲು, 634ರಲ್ಲಿ, ರವಿಕೀರ್ತಿ ಐಹೊಳೆಯ ಮೇಗುತಿ ಬಸದಿಯ ಗೋಡೆಯ ಮೇಲೆ ಇಮ್ಮಡಿ ಪುಲಕೇಶಿಯನ್ನು ಹರ್ಷನ ಗರ್ವಭಂಗ ಮಾಡಿದವನೆಂದು ಹೊಗಳಿದ್ದ.

ಚಾಲುಕ್ಯರೂ ಪಲ್ಲವರ ಮೇಲೆ ಸೇಡು ತೀರಿಸಿಕೊಂಡರು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಆದರೆ ಅಲ್ಲಿಯ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟೆನೆಂದು ಆ ಗುಡಿಯಲ್ಲೇ ಕನ್ನಡದಲ್ಲಿ ಬರೆಸಿದ. ಅವನ ರಾಣಿ ಲೋಕಮಹಾದೇವಿ ಆ ವಿಜಯದ ನೆನಪಿಗೆ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ವಿರೂಪಾಕ್ಷ ಗುಡಿ. ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿ ಉಳಿದಿದೆ. ರಾಜರ ಹೆಸರು ಉಳಿಯುವುದು ಸಹಜ, ಕಲ್ಲುಕುಟಿಗರ ಹೆಸರು ಉಳಿಯುವುದು ವಿರಳ. ಪಟ್ಟದಕಲ್ಲಿನ ಹತ್ತಿರದ ಶಂಕರಲಿಂಗನ ಗುಡ್ಡದ ಹಳೆಯ ಕಲ್ಲುಗಣಿಯಲ್ಲಿ ಕೆಲಸಗಾರರು ತಮ್ಮ ಹೆಸರುಗಳನ್ನೂ ಕೊರೆದು ಹೋಗಿದ್ದಾರೆ. ಗುಡಿಗಿಂತ ಈ ಗಣಿ ನೋಡಿದಾಗಲೇ ಮನಸ್ಸು ಹೆಚ್ಚು ಕಲಕುತ್ತದೆ ಎಂಬುದು ನನ್ನ ಅಭಿಪ್ರಾಯ.

ರಾಜಧಾನಿ ಬಾದಾಮಿಯಾಗಿರುವಾಗ ಪಟ್ಟ ಕಟ್ಟಿಸಿಕೊಳ್ಳಲು ಪಟ್ಟದಕಲ್ಲಿಗೇ ಏಕೆ ಬಂದರು? ಉತ್ತರ ಹೊಳೆಯಲ್ಲಿದೆ. ಪೂರ್ವಾಭಿಮುಖವಾಗಿ ಸಾಗುವ ಮಲಪ್ರಭೆ ಇಲ್ಲಿ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿ ಎಂದರೆ ನಮ್ಮವರಿಗೆ ಕಾಶಿಯ ಗಂಗೆಗೆ ಸಮ. ಹೊಳೆಯ ಆ ಒಂದು ತಿರುವು ಹತ್ತು ಗುಡಿಗಳನ್ನು ಹುಟ್ಟಿಸಿತು. ದ್ರಾವಿಡ, ನಾಗರ ಎರಡೂ ಶೈಲಿಯ ಶಿಖರಗಳು ಒಂದೇ ಅಂಗಳದಲ್ಲಿ ನಿಂತವು. ಕಣಿವೆಯ ಸೊಗಸು ಇಷ್ಟಕ್ಕೇ ಮುಗಿಯದು. ಬುಗ್ಗೆಯ ನೀರಿನಿಂದ ತುಂಬಿದ ಪುಷ್ಕರಿಣಿಯ ಸುತ್ತ ಆಲದ ನೆರಳಲ್ಲಿ ಮಹಾಕೂಟದ ಗುಡಿಗಳಿವೆ. ಕುರುಚಲು ಕಾಡಿನಲ್ಲಿ ನಾಗನಾಥಕೊಳ್ಳ, ಮಳೆಗಾಲದಲ್ಲಿ ಮೇಲಿನಿಂದ ನೀರು ಧುಮುಕುವ ಬಂಡೆಯ ಕೆಳಗೆ ಹುಲಿಗೆಮ್ಮನಕೊಳ್ಳ, ಐಹೊಳೆಯ ಹತ್ತಿರ ಸಿದ್ದನಕೊಳ್ಳ, ಎಲ್ಲವೂ ನೀರು ಜಿನುಗುವ ಕೊರಕಲಿನಲ್ಲೇ ಇವೆ. ‘ಕೊಳ್ಳ’ ಎಂದರೆ ಇಲ್ಲಿಯ ಜನಕ್ಕೆ ಕಣಿವೆಯೂ ಹೌದು, ದೇವರ ಠಾವೂ ಹೌದು. ಐಹೊಳೆಯಲ್ಲಿಯಂತೂ ಜನ ಗುಡಿಗಳಲ್ಲೇ ಸಂಸಾರ ಹೂಡಿದ್ದರು. ಲಾಡಖಾನ್ ಗುಡಿ, ಗೌಡರ ಗುಡಿ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ.

ಫ್ರಾನ್ಸ್ ದೇಶದ ನೈಋತ್ಯದಲ್ಲಿ ವೆಜೇರ್ ಎಂಬ ಚಿಕ್ಕ ಹೊಳೆಯಿದೆ. ಅಲ್ಲಿಯೂ ಹೊಳೆ ಕಲ್ಲನ್ನು ಕೊರೆದು ಬಂಡೆಯಾಸರೆಗಳನ್ನು ಮಾಡಿತು, ಅಲ್ಲಿಯೂ ಆದಿಮಾನವ ಚಿತ್ರ ಬರೆದ. 1940ರಲ್ಲಿ ಹುಡುಗರ ಕಣ್ಣಿಗೆ ಬಿದ್ದ ಲಾಸ್ಕೋ ಗುಹೆ ಅಲ್ಲಿಯದೇ. ನೋಡಬಂದವರ ಉಸಿರಿನಿಂದಲೇ ಚಿತ್ರಗಳು ಕೆಡತೊಡಗಿದಾಗ 1963ರಲ್ಲಿ ಆ ಗುಹೆಯನ್ನು ಮುಚ್ಚಿ, 1983ರಲ್ಲಿ ಪಕ್ಕದಲ್ಲೇ ಅದರ ಪ್ರತಿಕೃತಿಯನ್ನು ತೆರೆದರು. ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. 1979ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಒಂದು ಗುಹೆಯಷ್ಟೇ ಸೇರಲಿಲ್ಲ. ಆ ಕಣಿವೆಯ ಹಲವು ನೆಲೆಗಳು ಕಣಿವೆಯ ಹೆಸರಿನಲ್ಲೇ ಒಟ್ಟಾಗಿ ಸೇರಿದವು. ನಮ್ಮಲ್ಲಿ 1987ರಲ್ಲಿ ಪಟ್ಟದಕಲ್ಲು ಮಾತ್ರ ಸೇರಿತು. ಐಹೊಳೆ, ಬಾದಾಮಿಗಳನ್ನೂ ಕೂಡಿಸಿದ ಪ್ರಸ್ತಾವ ತಾತ್ಕಾಲಿಕ ಪಟ್ಟಿಗೆ ಬಂದದ್ದು 2015ರಲ್ಲಿ. ಅಲ್ಲಿಯೂ ಹೇಳಿದ್ದು ಗುಡಿಗಳ ವಾಸ್ತುವಿನ ಮಾತು. ಹೊಳೆಯ ಹೆಸರು ಶೀರ್ಷಿಕೆಯಲ್ಲಿಲ್ಲ.

ಹೊಳೆಯನ್ನು ಮರೆತದ್ದರ ಫಲ ಹೊಳೆಯೇ ತೋರಿಸಿದೆ. ಅಣೆಕಟ್ಟಿನ ಕೆಳಗೆ ಬೇಸಿಗೆಯಲ್ಲಿ ನೀರು ಕಾಣುವುದು ಅಪರೂಪವಾದಂತೆ ಪಾತ್ರದೊಳಕ್ಕೆ ಹೊಲ ಚಾಚಿದವು. ಒಣಗಿದ ಹೊಳೆ ಯಾರಿಗೂ ಅಂಜಿಕೆ ಹುಟ್ಟಿಸುವುದಿಲ್ಲ. ಆದರೆ 2019ರ ಆಗಸ್ಟ್‌ನಲ್ಲಿ ಮಳೆ ಜಡಿದು, ತುಂಬಿದ ಜಲಾಶಯದಿಂದ ನೀರು ಬಿಟ್ಟಾಗ, ಇಕ್ಕಟ್ಟಾದ ಪಾತ್ರದಲ್ಲಿ ಅದು ಹಿಡಿಸಲಿಲ್ಲ. ಊರುಗಳು ಮುಳುಗಿದವು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ಹೊಳೆಯೇ ನುಗ್ಗಿತು. ಲೋಕಮಹಾದೇವಿ ಹೊಳೆಯ ಪಕ್ಕದಲ್ಲಿ ಗುಡಿ ಕಟ್ಟಿಸಿದ್ದು ತಪ್ಪಾಗಿದ್ದರೆ ಅದು ಹನ್ನೆರಡು ಶತಮಾನಕ್ಕೂ ಮಿಕ್ಕಿ ನಿಲ್ಲುತ್ತಿರಲಿಲ್ಲ.

ನೀರು ಹೆಚ್ಚಾದಾಗಿನ ಕಥೆ ಇದು. ಕಡಿಮೆಯಾದಾಗಿನದು ಇನ್ನೂ ಕಹಿ. ಕಾಲುವೆ ಬಂದ ಮೇಲೆ ಎರೆಭೂಮಿಯ ಕೆಲವೆಡೆ ನೆಲ ಸವುಳು-ಜವುಳಾಯಿತು. ಇನ್ನು ಕೆಲವೆಡೆ ನೀರೇ ಮುಟ್ಟಲಿಲ್ಲ. ಆದರೂ ಬೆಟರ್‌ಮೆಂಟ್ ಲೆವಿಯ ನೋಟೀಸು ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯ, ಗೋಳೀಬಾರುಗಳು ರಾಜ್ಯದ ರಾಜಕಾರಣದ ದಿಕ್ಕನ್ನೇ ಬದಲಿಸಿದವು. ಜಲಾಶಯ ತುಂಬದ ವರ್ಷಗಳು ಹೆಚ್ಚಾದಾಗ ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಬೇಡಿಕೆ ಎದ್ದಿತು. ಮಹದಾಯಿ ನ್ಯಾಯಾಧಿಕರಣ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿಯಲ್ಲಿ ಹೀಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ. ಈ ಲೆಕ್ಕದಲ್ಲಿ ಅವಳಿ ನಗರದ ಕುಡಿಯುವ ನೀರಿನ ಪಾಲೂ ಅಡಗಿದೆ. ಹೀಗಾಗಿ ನರಗುಂದದ ರೈತನ ಜಗಳ ನಮ್ಮ ಓಣಿಯ ನಳದ ಜಗಳವೂ ಹೌದು. ಗೋವೆಯವರಿಗೆ ಅವರ ಹೊಳೆಯ ಚಿಂತೆ ಇದೆ, ಅದೂ ಸುಳ್ಳಲ್ಲ.

ಸುಮಾರು 300 ಕಿಲೋಮೀಟರು ನಡೆದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯತನಕ ಹಬ್ಬಿದಾಗ ಬಸವಣ್ಣನವರ ಐಕ್ಯಮಂಟಪವನ್ನು ಉಳಿಸಿಕೊಳ್ಳಲು ಅದರ ಸುತ್ತ ಬಾವಿಯಂತೆ ದುಂಡನೆಯ ಕಾಂಕ್ರೀಟ್ ಗೋಡೆ ಎಬ್ಬಿಸಿದರು. ಇಂದು ಯಾತ್ರಿಕರು ಸೇತುವೆ ದಾಟಿ, ಆ ಗೋಡೆಯೊಳಗಿನ ಮೆಟ್ಟಿಲುಗಳನ್ನು ಇಳಿದು, ಹಳೆಯ ನೆಲವನ್ನು ಮುಟ್ಟಿ ಬರುತ್ತಾರೆ. ಹಿನ್ನೀರು ತುಂಬಿದಾಗ ಗೋಡೆಯ ಆಚೆ, ತಲೆಗಿಂತ ಎತ್ತರದಲ್ಲಿ, ಎರಡೂ ಹೊಳೆಗಳ ನೀರು ನಿಂತಿರುತ್ತದೆ.